ಜಾಮು ಕುಡಿದ ಮೇಷ್ಟ್ರು

ಅರಸಿನ ಹೆರೆಯುವ ಹೊತ್ತಿನಲ್ಲಿ ನಾನು ಫೋನ್ ಎತ್ತುವುದಿಲ್ಲ. ಎತ್ತಿದರೆ ಫೋನು, ಕಿವಿ, ಕೆನ್ನೆ ಎಲ್ಲ ಹಳದಿಯಾಗಿ, ಈ ವಯಸ್ಸಿನಲ್ಲಿ ಮದುಮಗಳ ಹಾಗೆ ಕಾಣುತ್ತೇನೆಂದು ಮನೆಯವರು ತಮಾಷೆ ಮಾಡುತ್ತಾರೆ. ಆ ದಿನ ಬೆಳಿಗ್ಗೆ ಅದು ಬಿಡದೆ ಬಡಿದುಕೊಳ್ಳುತ್ತಿತ್ತು. ಕೊನೆಗೆ ಸೆರಗಿನಿಂದ ಹಿಡಿದು ಸ್ಪೀಕರಿಗೆ ಹಾಕಿದೆ. ಬನ್ನಂಜೆಯಲ್ಲಿ ಯೋಗ ತರಗತಿ ನಡೆಸುವ ಟೀಚರ್ ಮಾತಾಡುತ್ತಿದ್ದರು.

"ಅಕ್ಕ, ನಿಮ್ಮ ಬಾಟಲಿಯದ್ದು ಕುಡಿದು ನಮ್ಮ ಕ್ಲಾಸಿನ ಮೂರು ಜನ ವಾಂತಿ ಮಾಡಿದ್ದಾರೆ. ಇಬ್ಬರು ಮನೆಗೆ ಹೋದ್ರು. ಮೇಷ್ಟ್ರನ್ನು ಮಣಿಪಾಲಕ್ಕೆ ಕರ್ಕೊಂಡು ಹೋಗಿ ಅಡ್ಮಿಟ್ ಮಾಡಿದ್ದಾರೆ. ಎಂತ ಹಾಕಿದ್ದೀರಿ ಮಾರಾಯ್ರೆ ಅದಕ್ಕೆ?"

ಕೈಯಲ್ಲಿದ್ದ ಚಾಕು ಕೆಳಗಿಟ್ಟೆ, ಮತ್ತೆ ಎತ್ತಿಕೊಂಡೆ. ಮೇಷ್ಟ್ರೆಂದರೆ ನಿವೃತ್ತ ಗಣಿತ ಮೇಷ್ಟ್ರು. ಎಪ್ಪತ್ತು ದಾಟಿದವರು, ಸಕ್ಕರೆ ಕಾಯಿಲೆ ಇದ್ದವರು. ನನ್ನ ಜಾಮು ಕುಡಿದು ಗಂಟುನೋವು ಕಡಿಮೆಯಾಯಿತೆಂದು ತರಗತಿಗೆಲ್ಲ ಹೇಳಿ, ನನಗೆ ಅಷ್ಟೂ ಗಿರಾಕಿಗಳನ್ನು ಮಾಡಿಕೊಟ್ಟವರು.

ಜಾಮು ಎಂದರೆ ಇಂಡೊನೇಷ್ಯಾದವರ ಕಷಾಯ. ಜಾವಾದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾಗ, ಬೆಳಗಾಗುತ್ತಲೇ ಒಬ್ಬಳು ಹೆಂಗಸು ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು, ಅದರಲ್ಲಿ ಬಾಟಲಿಗಳನ್ನು ಜೋಡಿಸಿಕೊಂಡು ಹಿಂಬಾಗಿಲಿಗೆ ಬರುತ್ತಿದ್ದಳು. ಒಬ್ಬೊಬ್ಬರ ಮುಖ ನೋಡಿ ಒಂದೊಂದು ಲೋಟ ಕೊಡುತ್ತಿದ್ದಳು. ಅದರಲ್ಲಿ ನನಗೆ ನಾಲಿಗೆಗೆ ಹತ್ತಿದ್ದು ಹಸಿ ಅರಸಿನ, ಹುಣಸೆ, ತಾಳೆ ಬೆಲ್ಲ ಹಾಕಿದ್ದು. ಹುಡುಗಿಯರಿಗೆ ಅದು ಮುಟ್ಟಿನ ನೋವಿಗೆ, ಬಾಣಂತಿಗೆ ಮೈ ಹಗುರಾಗಲಿಕ್ಕೆ, ಮುದುಕರಿಗೆ ಗಂಟಿಗೆ. ನನಗೆ ಮಾತ್ರ ಒಲೆಯ ಬಿಸಿಯಲ್ಲಿ ನಿಂತು ಬಂದ ಮೇಲೆ ಗಂಟಲು ತಣ್ಣಗಾಗಲಿಕ್ಕೆ. ಊರಿಗೆ ಬಂದು ಅಲೆವೂರಿನ ಮನೆಯ ಹಿಂದಿನ ಶೆಡ್ಡಿನಲ್ಲಿ ಅದನ್ನೇ ಮಾಡಿ ಮಾರತೊಡಗಿದೆ.

ಬಾಟಲಿಯ ಹಿಂದಿನ ಚೀಟಿಯಲ್ಲಿ ಹೀಗೆ ಅಚ್ಚು ಹಾಕಿಸಿದ್ದೆ: ಜಾವಾದಲ್ಲಿ ಇದನ್ನು ತಲೆಮಾರುಗಳಿಂದ ಗಂಟುನೋವು, ಮುಟ್ಟಿನ ನೋವು, ಅಜೀರ್ಣ, ಮಧುಮೇಹಕ್ಕೆ ಬಳಸುತ್ತಾರೆ. ಗುಣವಾಗುತ್ತದೆ ಎಂದು ಬರೆಯಲಿಲ್ಲ, ಬಳಸುತ್ತಾರೆ ಎಂದು ಬರೆದೆ. ಅಷ್ಟು ಜಾಗ್ರತೆ ಮಾಡಿದೆನೆಂದು ಒಳಗೊಳಗೇ ಬೀಗಿಯೂ ಇದ್ದೆ.

ಆ ಬೆಳಿಗ್ಗೆ ಶೆಡ್ಡಿನಲ್ಲಿ ನಿಂತು ಮಾಡಿದ್ದನ್ನೆಲ್ಲ ಮನಸ್ಸಿನಲ್ಲೇ ಮೊದಲಿನಿಂದ ಮಾಡಿದೆ. ಗಡ್ಡೆ ಹಿರಿಯಡ್ಕದ ಅದೇ ತೋಟದ್ದು. ಮಣ್ಣು ಹೋಗುವವರೆಗೆ ತೊಳೆದದ್ದು, ಹೆರೆದು ಕೊಳೆತ ತುಂಡು ಬಿಸಾಡಿದ್ದು ನಾನೇ. ಅರೆದು, ನೀರು ಸೇರಿಸಿ, ಸ್ಟೀಲಿನ ಪಾತ್ರೆಯಲ್ಲಿ ಕುದಿಸಿದ್ದು. ಹುಣಸೆ ರಸ ಹಿಂಡಿ ಹಾಕಿ ಮತ್ತೊಂದು ಕುದಿ. ಬೆಲ್ಲ, ಚಿಟಿಕೆ ಉಪ್ಪು, ಕಾಳುಮೆಣಸು. ಬಟ್ಟೆಯಲ್ಲಿ ಸೋಸಿ, ಬಿಸಿ ಇರುವಾಗಲೇ ಕುದಿಸಿ ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ ಮುಚ್ಚಳ ಬಿಗಿದದ್ದು. ತಣಿದ ಮೇಲೆ ಫ್ರಿಜ್ಜು. ಎಲ್ಲಿ ತಪ್ಪಿತು? ಬಾಟಲಿ ಸರಿಯಾಗಿ ಕುದಿಯಲಿಲ್ಲವೋ? ಕರೆಂಟು ಹೋದಾಗ ಫ್ರಿಜ್ಜು ಬಿಸಿಯಾಯಿತೋ? ಈ ಸಲ ಬೆಲ್ಲ ಹೊಸ ಅಂಗಡಿಯಿಂದ ತಂದದ್ದು. ಅದರಲ್ಲೇನಾದರೂ ಇತ್ತೋ? ಹುಡುಕಿದಷ್ಟೂ ಅನುಮಾನದ ಜಾಗಗಳು ಸಿಗುತ್ತಾ ಹೋದವು.

ಅದೇ ಸಲ ತುಂಬಿದ ಒಂದು ಬಾಟಲಿ ನಮ್ಮ ಫ್ರಿಜ್ಜಿನಲ್ಲಿ ಉಳಿದಿತ್ತು. ಮುಚ್ಚಳ ತೆಗೆದೆ. ಬುಸ್ಸೆಂದು ಗಾಳಿ ಏಳಲಿಲ್ಲ, ಹುಳಿತ ವಾಸನೆ ಇಲ್ಲ. ಒಂದು ಲೋಟ ತುಂಬಾ ಬಗ್ಗಿಸಿ ಕುಡಿದೆ. ನನ್ನ ಜೊತೆ ಕೆಲಸ ಮಾಡುವ ಪಕ್ಕದ ಮನೆಯ ಅಕ್ಕ ನೋಡಿ ಹೌಹಾರಿದರು.

"ನಿಮಗೆ ಹುಚ್ಚಾ? ನಿಮಗೂ ಎಂತಾದರೂ ಆದ್ರೆ?"

"ಆಗ್ಲಿ ಅಂತಲೇ ಕುಡಿದದ್ದು. ಆದ್ರೆ ಗೊತ್ತಾಗ್ತದಲ್ಲ. ಅಂಗಡಿಗಳಲ್ಲಿ ಇರುವುದನ್ನೆಲ್ಲ ವಾಪಸ್ ತರ್ತೇನೆ."

"ನೀವೊಂದು ಸ್ವಲ್ಪ ಸುಮ್ಮನಿರಿ ಮಾರಾಯ್ರೆ. ಅವರು ಬೇರೆ ಎಂತ ತಿಂದಿದ್ದಾರೋ. ಗೊತ್ತಾಗುವ ಮೊದಲೇ ಅಂಗಡಿ ಅಂಗಡಿಗೆ ಹೋಗಿ ವಾಪಸ್ ಕೊಡಿ ಅಂದ್ರೆ, ನಾಳೆಯಿಂದ ಯಾರಾದ್ರೂ ತಗೊಳ್ತಾರಾ?"

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಬಾಟಲಿಗಳು ಮಣಿಪಾಲದ ಜ್ಯೂಸ್ ಅಂಗಡಿಯಲ್ಲಿ, ಕಾಪುವಿನ ಬೇಕರಿಯಲ್ಲಿ, ಕಾರ್ಕಳದ ಸಾವಯವ ಅಂಗಡಿಯಲ್ಲಿ ಕುಳಿತಿದ್ದವು. ಒಂದೊಂದೇ ಮಾರಾಟವಾಗುತ್ತಾ ಇರುತ್ತದೆ, ಯಾರೋ ಮುಚ್ಚಳ ತೆಗೆಯುತ್ತಾ ಇರುತ್ತಾರೆ ಎಂದು ಯೋಚಿಸಿದರೆ ಕುಳಿತಲ್ಲಿ ಕೂರಲಾಗಲಿಲ್ಲ. ಮೂರೂ ಕಡೆಗೆ ಫೋನ್ ಮಾಡಿ ಮಾರಬೇಡಿ ಎಂದು ಹೇಳಿ, ಓಮ್ನಿ ತೆಗೆದುಕೊಂಡು ಹೊರಟೆ.

ಮಣಿಪಾಲದ ಅಂಗಡಿಯವರು ಮಾತಾಡದೆ ಕ್ರೇಟು ಎತ್ತಿ ಕೊಟ್ಟರು. ಕಾಪುವಿನ ಬೇಕರಿಯವರಿಗೆ ಅರ್ಥವೇ ಆಗಲಿಲ್ಲ. "ನಾನೇ ನಿನ್ನೆ ಎರಡು ಕುಡಿದೆ. ಎಂತದೂ ಆಗ್ಲಿಲ್ಲ. ಬೀಚಿಗೆ ಬಂದವರೆಲ್ಲ ಕುಡಿದಿದ್ದಾರೆ, ಒಬ್ಬರೂ ಬೈಲಿಕ್ಕೆ ಬರ್ಲಿಲ್ಲ" ಎಂದರು. ಕಾರ್ಕಳದಲ್ಲೂ ಅದೇ ಉತ್ತರ. ಯಾರಿಗೂ ಏನೂ ಆಗಿಲ್ಲ ಎಂದು ಕೇಳಿದರೆ ಸಮಾಧಾನವಾಗಬೇಕಿತ್ತು. ನನಗೆ ಹೆದರಿಕೆ ಹೆಚ್ಚಾಯಿತು. ಒಂದೇ ಪಾತ್ರೆಯಲ್ಲಿ ಕುದಿದದ್ದು ಬನ್ನಂಜೆಯಲ್ಲಿ ಮಾತ್ರ ಯಾಕೆ ವಿಷವಾಗಬೇಕು? ಒಂದೆರಡು ಬಾಟಲಿಗೆ ಮಾತ್ರ ಏನೋ ಸೇರಿಕೊಂಡಿದ್ದರೆ, ಅದು ನನ್ನ ಕೈಯಿಂದಲೇ ಆಗಿರಬೇಕು. ಕಾರ್ಕಳದಿಂದ ವಾಪಸ್ ಬರುವಾಗ ಹಿಂದಿನ ಸೀಟಿನಲ್ಲಿ ಬಾಟಲಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಲೇ ಇದ್ದವು. ಅಷ್ಟು ಹೊತ್ತಾದರೂ ನನ್ನ ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿತ್ತು, ವಾಂತಿಯ ಸುಳಿವೇ ಇಲ್ಲ.

ಸಂಜೆ ಆಸ್ಪತ್ರೆಗೆ ಹೋದೆ. ಹೋಗಲೋ ಬೇಡವೋ ಎಂದು ಗೇಟಿನ ಹತ್ತಿರ ತುಂಬಾ ಹೊತ್ತು ನಿಂತಿದ್ದೆ. ಮೇಷ್ಟ್ರ ಮಗಳು ವಾರ್ಡಿನ ಬಾಗಿಲಲ್ಲೇ ಸಿಕ್ಕಿದರು. ಮಣಿಪಾಲದಲ್ಲೇ ಕೆಲಸಕ್ಕಿರುವವರು. ಆಫೀಸಿನ ಗುರುತಿನ ಚೀಟಿ ಇನ್ನೂ ಕುತ್ತಿಗೆಯಲ್ಲಿತ್ತು.

"ನೀವೇನಾ ಆ ಜಾಮು ಮಾಡುವುದು?" ಎಂದು ಕೇಳಿದರು.

"ಹೌದು."

"ವಾಂತಿ ನಿಂತಿದೆ. ಆದರೆ ಸಕ್ಕರೆ ಸಿಕ್ಕಾಪಟ್ಟೆ ಏರಿದೆ. ಯಾಕೆ ಅಂತ ಡಾಕ್ಟರಿಗೇ ಗೊತ್ತಾಗ್ತಾ ಇಲ್ಲ. ನೀವು ಸ್ವಲ್ಪ ಇಲ್ಲಿರಿ, ನಾನು ಕೆಳಗೆ ಫಾರ್ಮಸಿಗೆ ಹೋಗಿ ಬರ್ತೇನೆ." ಸ್ವರದಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು.

ಮೇಷ್ಟ್ರು ಡ್ರಿಪ್ಪು ಹಾಕಿಸಿಕೊಂಡು ಮಲಗಿದ್ದರು. ಮುಖ ಬಾಡಿತ್ತು, ತುಟಿ ಒಡೆದಿತ್ತು. ನನ್ನನ್ನು ನೋಡಿದ ಕೂಡಲೇ ನಕ್ಕರು. ಆ ನಗು ನೋಡಿ ನನಗೆ ಅಳು ಬಂತು.

"ಹೆದರಬೇಡಮ್ಮ. ನಿನ್ನ ಮದ್ದಿನಿಂದ ಆದದ್ದಲ್ಲ ಇದು. ನಾನು ಎಲ್ಲರಿಗೂ ಹೇಳಿದ್ದೇನೆ."

"ಮದ್ದಲ್ಲ ಮೇಷ್ಟ್ರೇ ಅದು."

ಅವರು ಬಾಗಿಲ ಕಡೆ ನೋಡಿ ಸ್ವರ ತಗ್ಗಿಸಿದರು. "ನನಗೆ ಮದ್ದೇ. ಒಂದು ಸಂಗತಿ ಹೇಳ್ತೇನೆ, ಮಗಳಿಗೆ ಹೇಳಬೇಡ. ನಿನ್ನ ಬಾಟಲಿ ಶುರು ಮಾಡಿ ಸ್ವಲ್ಪ ದಿನಕ್ಕೇ ಸಕ್ಕರೆಯ ಮಾತ್ರೆ ಬಿಟ್ಟೆ. ಮಧುಮೇಹಕ್ಕೆ ಬಳಸ್ತಾರೆ ಅಂತ ನೀನೇ ಬರೆದಿದ್ದೀಯಲ್ಲ. ಎರಡೆರಡು ಯಾಕೆ? ಬೆಳಿಗ್ಗೆ ಮಾತ್ರೆ ಬಿಸಾಡಿ ಜಾಮು ಕುಡಿಯುವುದು. ಮೈ ಎಷ್ಟು ಹಗುರ ಉಂಟು ಗೊತ್ತುಂಟಾ!"

ಅಷ್ಟರಲ್ಲಿ ಡಾಕ್ಟರ್ ಬಂದರು. ಚಿಕ್ಕ ಪ್ರಾಯದ ಹೆಣ್ಣುಮಗಳು. ಚಾರ್ಟು ನೋಡಿ, ನಾಡಿ ಹಿಡಿದು, "ಮಾತ್ರೆ ದಿನಾ ಸರಿಯಾಗಿ ತಗೊಳ್ತಾ ಇದ್ರಿ ಅಲ್ವಾ, ಅಜ್ಜ?" ಎಂದು ಕೇಳಿದರು.

"ಒಂದು ದಿನವೂ ತಪ್ಪಿಸಿದವನಲ್ಲ ನಾನು" ಎಂದರು ಮೇಷ್ಟ್ರು. ಜೀವಮಾನವಿಡೀ ಮಕ್ಕಳ ಸುಳ್ಳು ಹಿಡಿದವರ ಬಾಯಲ್ಲಿ ಸುಳ್ಳು ಎಷ್ಟು ನೇರವಾಗಿ ಬಂತೆಂದರೆ ನಾನೇ ಒಂದು ಕ್ಷಣ ನಂಬಿದೆ.

"ಹಾಗಾದ್ರೆ ಈಗಿನ ಮಾತ್ರೆ ನಿಮಗೆ ಸಾಲುವುದಿಲ್ಲ. ಹೋಗುವಾಗ ಡೋಸ್ ಜಾಸ್ತಿ ಮಾಡಿ, ಇನ್ನೊಂದು ಸೇರಿಸಿ ಬರೆದು ಕೊಡ್ತೇನೆ. ಮಗಳ ಹತ್ತಿರ ಹೇಳ್ತೇನೆ, ಎದುರು ನಿಂತು ಕೊಡ್ಲಿಕ್ಕೆ."

ಡಾಕ್ಟರ್ ಪಕ್ಕದ ಹಾಸಿಗೆಗೆ ಹೋದರು. ಮೇಷ್ಟ್ರು ನನ್ನ ಕಡೆ ನೋಡಿ ಕಣ್ಣಲ್ಲೇ ಸುಮ್ಮನಿರು ಎಂದರು.

ನನ್ನ ಅಮ್ಮನಿಗೂ ಸಕ್ಕರೆ ಇತ್ತು. ಮಾತ್ರೆ ಹೆಚ್ಚಾಗಿ ಸಕ್ಕರೆ ಕುಸಿದು, ಬೆವರಿನಲ್ಲಿ ತೊಯ್ದು, ನನ್ನನ್ನು ಯಾರು ಎಂದು ಕೇಳಿದ ಬೆಳಿಗ್ಗೆಯೊಂದು ನಮ್ಮ ಮನೆಯಲ್ಲಿ ಆಗಿಹೋಗಿದೆ. ಹಳೆಯ ಮಾತ್ರೆಯನ್ನೇ ನುಂಗದವರಿಗೆ, ಅದು ಸಾಲದೆಂದು ಎರಡರಷ್ಟು ಕೊಟ್ಟು, ಮಗಳು ಎದುರು ನಿಂತು ನುಂಗಿಸಿದರೆ ಏನಾಗಬಹುದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇತ್ತ ಹೇಳಿದರೆ ನನ್ನ ಕಥೆ ಮುಗಿಯಿತು. ವಾಂತಿ ಮಾಡಿಸಿದ ಬಾಟಲಿ ಎಂಬ ಹೆಸರಿನ ಮೇಲೆ ಮಾತ್ರೆ ಬಿಡಿಸಿದ ಬಾಟಲಿ ಎಂಬ ಹೆಸರೂ ಕೂರುತ್ತದೆ. ಪುಕ್ಕಲು ಬುದ್ಧಿ ನೂರು ದಾರಿ ತೋರಿಸಿತು. ಮೇಷ್ಟ್ರನ್ನೇ ಒಪ್ಪಿಸಿ ಅವರ ಬಾಯಿಂದಲೇ ಹೇಳಿಸಬಹುದು. ನಾಳೆ ಹೇಳಬಹುದು. ಫೋನಿನಲ್ಲಿ ಹೇಳಬಹುದು. ಡಾಕ್ಟರ್ ವಾರ್ಡಿನಿಂದ ಹೊರಗೆ ಹೋಗುವುದು ಕಾಣಿಸಿತು. ನಾಳೆಯವರೆಗೆ ಇಟ್ಟುಕೊಂಡರೆ ನಾನು ಹೇಳುವುದಿಲ್ಲವೆಂದು ನನಗೆ ನನ್ನ ಬಗ್ಗೆ ಚೆನ್ನಾಗಿ ಗೊತ್ತಿತ್ತು. ಎದ್ದು ಓಡಿದೆ.

"ಡಾಕ್ಟ್ರೇ, ಅವರು ಮಾತ್ರೆ ತಗೊಳ್ತಾ ಇರಲಿಲ್ಲ. ನನ್ನ ಬಾಟಲಿ ಕುಡಿಯಲಿಕ್ಕೆ ಶುರು ಮಾಡಿದ ಮೇಲೆ ಬಿಟ್ಟಿದ್ದಾರೆ. ಈಗ ನನ್ನ ಹತ್ತಿರ ಹೇಳಿದರು."

ಡಾಕ್ಟರ್ ಪೆನ್ನಿನ ಮುಚ್ಚಳ ತೆಗೆದರು. "ಎಂತ ಬಾಟಲಿ? ಎಂತೆಲ್ಲ ಉಂಟು ಅದರಲ್ಲಿ?"

ಹೇಳಿದೆ. ಅರಸಿನ, ಹುಣಸೆ, ಉಪ್ಪು, ಮೆಣಸು.

"ಸಿಹಿಗೆ?"

"ಬೆಲ್ಲ. ತಾಳೆ ಬೆಲ್ಲ."

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಬೈಯಲಿಲ್ಲ. "ಅಂದರೆ ಸಕ್ಕರೆಯ ಮಾತ್ರೆ ಬಿಟ್ಟು ದಿನಾ ಬೆಲ್ಲದ ನೀರು ಕುಡಿದಿದ್ದಾರೆ. ಒಳ್ಳೆಯದಾಯ್ತು ಹೇಳಿದ್ದು. ಇಲ್ಲದಿದ್ದರೆ ನಾನು ಮದ್ದು ಏರಿಸಿ ಮನೆಗೆ ಕಳಿಸ್ತಾ ಇದ್ದೆ."

ಹಿಂದೆ ಯಾರೋ ನಿಂತ ಹಾಗಾಯಿತು. ಮೇಷ್ಟ್ರ ಮಗಳು, ಕೈಯಲ್ಲಿ ಫಾರ್ಮಸಿಯ ಚೀಲ. ಎಲ್ಲ ಕೇಳಿಸಿತ್ತೆಂದು ಮುಖವೇ ಹೇಳುತ್ತಿತ್ತು.

"ಮಧುಮೇಹಕ್ಕೆ ಬಳಸುತ್ತಾರೆ ಅಂತ ಬರೆದು ಬಿಟ್ರೆ ಆಯ್ತಾ?" ಎಂದರು. ನಾನು ಏನೋ ಹೇಳಲು ಹೊರಟೆ. "ನನ್ನ ಅಪ್ಪ ಲೆಕ್ಕದವರು. ಅಚ್ಚು ಹಾಕಿದ್ದನ್ನೆಲ್ಲ ಸತ್ಯ ಅಂತ ನಂಬುವವರು. ನೀವು ಇನ್ನು ಇಲ್ಲಿಗೆ ಬರುವುದು ಬೇಡ."

ತಲೆ ತಗ್ಗಿಸಿ ಬಂದೆ.

ಮರುದಿನ ಬನ್ನಂಜೆಗೆ ಹೋದದ್ದು ಟೀಚರಿಗೆ ಮುಖ ತೋರಿಸಲಿಕ್ಕೆ. ಉಳಿದ ಬಾಟಲಿ ವಾಪಸ್ ತರಬೇಕಿತ್ತು ಕೂಡ. ತರಗತಿ ಮುಗಿದಿತ್ತು. ಹಾಲಿನ ಒಂದು ಬದಿಯಲ್ಲಿ ಗೋಡೆಗೆ ತಾಗಿ ಸಾಲಾಗಿ ತಾಮ್ರದ ಬಾಟಲಿಗಳು. ಮೊದಲು ಅವು ಅಲ್ಲಿರಲಿಲ್ಲ.

"ಹೊಸದಾ ಟೀಚರ್?"

"ಮೊನ್ನೆ ಭಾನುವಾರ ನಮ್ಮ ಕ್ಲಾಸಿನ ವಾರ್ಷಿಕೋತ್ಸವಕ್ಕೆ ಎಲ್ಲರಿಗೂ ಕೊಟ್ಟದ್ದು. ತಾಮ್ರದ ನೀರು ಒಳ್ಳೆಯದಲ್ವಾ? ರಾತ್ರಿ ಇಲ್ಲೇ ತುಂಬಿಸಿ ಇಡುವುದು, ಬೆಳಿಗ್ಗೆ ಆಸನಕ್ಕೆ ಮೊದಲು ಖಾಲಿ ಹೊಟ್ಟೆಗೆ ಕುಡಿಯುವುದು."

ಸುಮ್ಮನೆ ಒಂದು ಎತ್ತಿ ಮುಚ್ಚಳ ತಿರುಗಿಸಿ ಒಳಗೆ ನೋಡಿದೆ. ನೀರು ನಿಂತು ಒಳಮೈ ಕಪ್ಪಿಟ್ಟಿತ್ತು. ಇನ್ನೊಂದು, ಅದೂ ಹಾಗೇ. ಮೂರನೆಯದರ ಒಳಗೆ ಫೋನಿನ ಬೆಳಕು ಬಿಟ್ಟಾಗ ಕಣ್ಣು ಕೋರೈಸಿತು. ಈಗ ತಾನೇ ಹುಣಸೆ ಹಚ್ಚಿ ತಿಕ್ಕಿದ ಹಾಗೆ ಕೆಂಪಾಗಿ ಹೊಳೆಯುತ್ತಿತ್ತು. ಮುಚ್ಚಳದ ತಿರುಪಿನಲ್ಲಿ ಹಳದಿ ಕಲೆ.

"ಇದು ಯಾರದ್ದು?"

"ಮೇಷ್ಟ್ರದ್ದು. ನಿನ್ನೆ ಗಡಿಬಿಡಿಯಲ್ಲಿ ತೊಳೆಯದೆ ಹಾಗೇ ಉಳಿಯಿತು."

"ಟೀಚರ್, ಇದಕ್ಕೆ ನೀರಿನ ಬದಲು ಜಾಮು ಹಾಕಿದ್ರಾ?"

"ಮೇಷ್ಟ್ರೇ ಹೇಳಿದ್ದು ಅಕ್ಕ. ತಾಮ್ರವೂ ಒಳ್ಳೆಯದು, ಅರಸಿನವೂ ಒಳ್ಳೆಯದು, ಎರಡೂ ಸೇರಿದ್ರೆ ಡಬಲ್ ಗುಣ ಅಂತ. ಅವರು ಮತ್ತೆ ಆ ಇಬ್ಬರು ರಾತ್ರಿಯೇ ತುಂಬಿಸಿ ಇಟ್ಟಿದ್ರು. ನಾವು ಉಳಿದವರು ಗ್ಲಾಸಿನಲ್ಲಿ ಕುಡಿದದ್ದು."

ನಮ್ಮ ಊರಿನಲ್ಲಿ ಹುಣಸೆ ಹಚ್ಚಿ ತಾಮ್ರದ ಕೊಡ ತಿಕ್ಕದ ಮನೆ ಉಂಟೇ? ಹುಳಿ ಸಾರನ್ನು ಕಲಾಯಿ ಇಲ್ಲದ ಪಾತ್ರೆಯಲ್ಲಿ ಇಟ್ಟರೆ ತಾಮ್ರ ಬಿಟ್ಟು ವಿಷವಾಗುತ್ತದೆಂದು ಗೊತ್ತಿಲ್ಲದವರು ಉಂಟೇ? ಟೀಚರಿಗೂ ಗೊತ್ತು, ಮೇಷ್ಟ್ರಿಗೂ ಗೊತ್ತು. ಆದರೆ ಅದು ಸಾರಿನ ಬಗ್ಗೆ ಗೊತ್ತಿದ್ದದ್ದು. ಜಾಮು ಎಂಬ ಪರದೇಶದ ಹೆಸರಿಟ್ಟು, ಗುಣ ಬರೆದು, ಚಂದದ ಬಾಟಲಿಯಲ್ಲಿ ಕೊಟ್ಟ ಮೇಲೆ ಅದು ಹುಣಸೆ ನೀರೆಂಬುದನ್ನು ಎಲ್ಲರೂ ಮರೆತರು.

ಆದರೂ ನನಗೆ ಖಾತ್ರಿ ಬೇಕಿತ್ತು. ಟೀಚರಿಂದ ಒಂದು ತಾಮ್ರದ ಬಾಟಲಿ ಕೇಳಿ ತಂದು, ಸಂಜೆ ಅದಕ್ಕೆ ಅರ್ಧ ಜಾಮು ತುಂಬಿದೆ, ಉಳಿದರ್ಧ ಗಾಜಿನಲ್ಲೇ ಇಟ್ಟೆ. ಬೆಳಿಗ್ಗೆ ಎರಡನ್ನೂ ಬಿಳಿ ಪಿಂಗಾಣಿ ಬಟ್ಟಲಿಗೆ ಹೊಯ್ದೆ. ತಾಮ್ರದ್ದು ಕಳೆಗುಂದಿತ್ತು. ನಾಲಿಗೆಯ ತುದಿಗೆ ಒಂದು ಹನಿ ಮುಟ್ಟಿಸಿ ಉಗಿದೆ. ಹಳೆಯ ನಾಣ್ಯ ಚೀಪಿದ ಹಾಗೆ ಒಗರು, ಎಷ್ಟು ಬಾಯಿ ಮುಕ್ಕಳಿಸಿದರೂ ಹೋಗಲಿಲ್ಲ. ಎರಡನ್ನೂ ಬೇರೆ ಬೇರೆ ಸೀಲು ಮಾಡಿ ಆಹಾರ ಪರೀಕ್ಷೆಯ ಲ್ಯಾಬಿಗೆ ಕೊಟ್ಟೆ, ಡಾಕ್ಟರಿಗೂ ವಿಷಯ ತಿಳಿಸಿದೆ. ಫಲಿತಾಂಶ ಬರುವವರೆಗೆ ಶೆಡ್ಡಿಗೆ ಬೀಗ. ಫೋನ್ ಸದ್ದಾದರೆ ಇನ್ಯಾರಿಗೋ ಏನೋ ಆಯಿತೆಂದೇ ಮೊದಲು ಅನ್ನಿಸುತ್ತಿತ್ತು. ರಿಪೋರ್ಟು ಬಂದಾಗ ನನ್ನ ಬಾಟಲಿ ಶುದ್ಧ, ತಾಮ್ರದಲ್ಲಿಟ್ಟದ್ದರಲ್ಲಿ ಇರಬಾರದಷ್ಟು ತಾಮ್ರ ಎಂದಿತ್ತು.

ಪಕ್ಕದ ಮನೆಯ ಅಕ್ಕನಿಗೆ ಖುಷಿಯೋ ಖುಷಿ. "ನಾನು ಹೇಳಲಿಲ್ವಾ? ನಿಮ್ಮದು ತಪ್ಪಿಲ್ಲ ಅಂತ ಆಯ್ತಲ್ಲ. ನಾಳೆಯಿಂದ ಒಲೆ ಹಚ್ಚುವ."

ವಾಂತಿಯ ಮಟ್ಟಿಗೆ ತಪ್ಪಿರಲಿಲ್ಲ, ನಿಜ. ಮಾತ್ರೆಯ ಮಟ್ಟಿಗೆ? ಲ್ಯಾಬಿನವರು ಬಾಟಲಿಯ ಒಳಗಿದ್ದದ್ದನ್ನು ಪರೀಕ್ಷೆ ಮಾಡಿದರು. ಮೇಷ್ಟ್ರು ನುಂಗಿದ್ದು ಹೊರಗೆ ಅಂಟಿಸಿದ್ದ ಚೀಟಿಯನ್ನೂ ಸೇರಿಸಿ. ಅರಸಿನದಲ್ಲಿ ಗುಣ ಇಲ್ಲವೆಂದು ನಾನು ಹೇಳುವುದಿಲ್ಲ. ಇರಬಹುದು. ಜಾವಾದ ಆ ಹೆಂಗಸು ದಿನಾ ಹತ್ತಾರು ಮುಖ ನೋಡಿ ಕೊಡುತ್ತಿದ್ದಳು, ನಾಳೆ ಬಂದು ಹೇಗಿದ್ದೀ ಎಂದು ಕೇಳುತ್ತಿದ್ದಳು. ನಾನು ಮುಖ ನೋಡದೆ ಕಾಪುವಿಗೂ ಕಾರ್ಕಳಕ್ಕೂ ಕಳಿಸಿ, ಹಿಂದೆ ನಾಲ್ಕು ಕಾಯಿಲೆಯ ಹೆಸರು ಅಂಟಿಸುವವಳು. ಅಚ್ಚು ಹಾಕಿಸಿಟ್ಟ ಚೀಟಿಗಳ ಕಟ್ಟನ್ನೆಲ್ಲ ಒಲೆಗೆ ಹಾಕಿದೆ. ಹೊಸ ಚೀಟಿಯಲ್ಲಿ ಮೊದಲ ಸಾಲು: ಬೆಲ್ಲ ಹಾಕಿದೆ, ಸಕ್ಕರೆ ಕಾಯಿಲೆ ಇರುವವರು ಕುಡಿಯಬಾರದು. ಎರಡನೆಯದು: ಇದು ಮದ್ದಲ್ಲ, ಯಾವ ಮಾತ್ರೆಯನ್ನೂ ಇದಕ್ಕಾಗಿ ಬಿಡಬೇಡಿ. ಮೂರನೆಯದು: ತಾಮ್ರ, ಹಿತ್ತಾಳೆಯಲ್ಲಿ ಇಡಬೇಡಿ.

"ಇದನ್ನು ಓದಿದವರು ಬಾಟಲಿ ಮುಟ್ತಾರಾ?" ಎಂದರು ಅಕ್ಕ. ಅವರು ಹೇಳಿದಂತೆಯೇ ಆಯಿತು. ಕಾರ್ಕಳದ ಅಂಗಡಿಯವರು ಇನ್ನು ಬೇಡವೆಂದರು. ಕಾಪುವಿನಲ್ಲಿ ಬಿಸಿಲು ಜೋರಿದ್ದ ದಿನ ಮಾತ್ರ ಹೋಗುತ್ತಿತ್ತು. ಯೋಗ ತರಗತಿಯವರು ನೆಲ್ಲಿಕಾಯಿ ಜ್ಯೂಸಿಗೆ ಹೋದರು. ಮೇಷ್ಟ್ರು ಮನೆಗೆ ಬಂದರೆಂದು ಟೀಚರಿಂದ ತಿಳಿಯಿತು. ಫೋನ್ ಮಾಡಲು ಎಷ್ಟೋ ಸಲ ನಂಬರು ತೆಗೆದೆ, ಮಗಳ ಮುಖ ನೆನಪಾಗಿ ಬಿಟ್ಟೆ. ಮಾತ್ರೆ ನುಂಗುತ್ತಿದ್ದಾರೋ ಇಲ್ಲವೋ ಎಂಬ ಚಿಂತೆ ಅರಸಿನ ಹೆರೆಯುವಾಗಲೆಲ್ಲ ಬಂದು ಕೂರುತ್ತಿತ್ತು. ಮೋಸ ಮಾಡುವ ಬುದ್ಧಿ ಅವರಿಗುಂಟು, ನಾನೇ ನೋಡಿದ್ದೇನೆ.

ಒಂದು ಮಧ್ಯಾಹ್ನ ಮಣಿಪಾಲದ ಜ್ಯೂಸ್ ಅಂಗಡಿಯ ಫ್ರಿಜ್ಜಿಗೆ ಬಾಟಲಿ ಜೋಡಿಸುತ್ತಿದ್ದೆ. ಒಬ್ಬರು ಹೆಂಗಸು, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡವರು, ಒಂದನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಅರಸಿನದ್ದಾ? ಇದು ಎಂತದಕ್ಕೆ ಒಳ್ಳೆಯದು?"

ಅವರ ಮೊಣಕಾಲು ನೋಡಿದೆ. ಗಂಟಿಗೆ ಎಂದರೆ ಒಂದು ಡಜನ್ ತೆಗೆದುಕೊಂಡು ಹೋಗುವವರು. ನಾಲಿಗೆಯ ತುದಿಗೆ ಬಂದೂ ಬಂತು.

"ಬಾಯಾರಿಕೆಗೆ" ಎಂದೆ.

"ಅಷ್ಟೇಯಾ?" ಎಂದು ಅವರು ಬಾಟಲಿಯನ್ನು ಕೌಂಟರಿನ ಮೇಲಿಟ್ಟು ಹೋದರು.

ಅದನ್ನು ಎತ್ತಿ ಒಳಗಿಡೋಣವೆಂದು ಕೈ ಚಾಚಿದೆ. ಅಷ್ಟರಲ್ಲಿ ಇನ್ನೊಂದು ಕೈ ಅದನ್ನು ತೆಗೆದುಕೊಂಡಿತು. ಕುತ್ತಿಗೆಯಲ್ಲಿ ಆಫೀಸಿನ ಗುರುತಿನ ಚೀಟಿ. ಮೇಷ್ಟ್ರ ಮಗಳು. ಯಾವಾಗ ಬಂದು ನಿಂತಿದ್ದರೋ ಗೊತ್ತಿಲ್ಲ. ಹಿಂದಿನ ಚೀಟಿಯ ಮೂರು ಸಾಲನ್ನು ನಿಧಾನವಾಗಿ ಓದಿದರು.

"ನನಗೆ ಬಾಯಾರಿಕೆ ಉಂಟು" ಎಂದು ಹೇಳಿ, ಮುಚ್ಚಳ ತಿರುಗಿಸಿ, ಅಲ್ಲೇ ನಿಂತು ಪೂರ್ತಿ ಕುಡಿದರು.